ಅಪ್‌ಡೇಟ್: ಜಾಕ್ ರಸೆಲ್ ಬಂದ, ಅಂಗಳ ಹೋತು

ಮಾರ್ಚ್‌ನಾಗ ಕೇಳಿದ್ದೆನಲ್ಲ, ರಾಯಚೂರಿನ ಬಿಸಿಲಿಗೆ ಜಾಕ್ ರಸೆಲ್ ಟೆರಿಯರ್ ನಾಯಿ ತಡೀತದೇನು ಅಂತ. ತಂದು ಎರಡು ತಿಂಗಳಾತು. ಹೆಸರು ಗುಂಡ.

ಸಣ್ಣ ನಾಯಿ, ತೊಡಿ ಮ್ಯಾಲ ಮಲಗ್ತದ ಅಂತ ತಿಳಿದಿದ್ದೆ. ಎಲ್ಲಿ ಬಂತು! 19ನೇ ಶತಮಾನದಾಗ ಇಂಗ್ಲೆಂಡಿನ ಡೆವನ್ ಕಡೆಯ ಪಾದ್ರಿ ಜಾನ್ ರಸೆಲ್, ಬಿಲದಾಗಿನ ನರಿ ಎಬ್ಬಿಸಲಿಕ್ಕೆ ಬೆಳೆಸಿದ ತಳಿ ಇದು. ಎತ್ತರ 25ರಿಂದ 30 ಸೆಂ.ಮೀ., ತೂಕ ಐದಾರು ಕಿಲೋ, ಕೆಲಸ ಮಾತ್ರ ಜೆಸಿಬಿದು. 'ಟೆರಿಯರ್' ಅನ್ನೋ ಹೆಸರಿನ ಮೂಲದಾಗೇ 'ನೆಲ' ಅದ. ಅವ್ವನ ಕರಿಬೇವಿನ ಸಸಿ ಬೇರು ಸಮೇತ ಮ್ಯಾಲ ಬಂದಾಗ ಅದರ ಅರ್ಥ ಪೂರ್ತಿ ತಿಳೀತು.

"ಇದನ್ನ ವಾಪಸ್ ಕೊಟ್ಟು ಬಾ" ಅಂದಿದ್ದಳು ಅವ್ವ. ಅಕ್ಕಿ ಚೀಲದ ಹಿಂದಿನ ಹೆಗ್ಗಣ ಹಿಡಿದ ದಿನದಿಂದ ತನ್ನ ರೊಟ್ಟಿಯಾಗಿನ ತುಂಡು ಅವನಿಗೇ ಹಾಕ್ತಾಳ.

ಬಿಸಿಲಿಗೆ ನೀವು ಹೇಳಿದಂಗೇ ಮಾಡೀನಿ: ಬೆಳಿಗ್ಗೆ ಆರರೊಳಗ, ರಾತ್ರಿ ಎಂಟರ ಮ್ಯಾಲ ತಿರುಗಾಟ. ಡಾಂಬರಿಗೆ ಅಂಗೈ ಇಟ್ಟು ನೋಡ್ತೀನಿ, ಸುಟ್ಟರ ಹೊರಗ ಒಯ್ಯಂಗಿಲ್ಲ. ಮಧ್ಯಾಹ್ನ ಬಚ್ಚಲಮನಿ ಬಾಗಿಲಾಗ ತಂಪು ಕಲ್ಲಿಗೆ ಹೊಟ್ಟಿ ಹಚ್ಚಿ ಬಿದ್ದಿರ್ತಾನ. ಅಳಿಲು ಕಂಡರ ಮಾತ್ರ ಅವನಿಗೆ ಬಿಸಿಲೂ ಇಲ್ಲ, ನಾನೂ ಇಲ್ಲ. ಹಗ್ಗ ಬಿಡೋ ಹಂಗೇ ಇಲ್ಲ.