ಅಪ್‌ಡೇಟ್: ಡಕ್ಟೆಡ್ ಎಸಿ ಹಾಕಿಸಿದ್ದಾಯ್ತು, ರಿಟರ್ನ್ ಗ್ರಿಲ್ ದೊಡ್ಡದೇ ಬಂತು

ಮೂರು ಬೆಡ್‌ರೂಮಿನ ಮನೆಗೆ ಡಕ್ಟೆಡ್ ಎಸಿ (ಒಂದೇ ಯಂತ್ರದಿಂದ ಕೊಳವೆಗಳ ಮೂಲಕ ಎಲ್ಲ ರೂಮಿಗೂ ತಣ್ಣನೆ ಗಾಳಿ) ಹಾಕಿಸೋಕೆ 3 ಟನ್ ಸಾಕಾ, 4 ಬೇಕಾ, ಹಾಲ್‌ನಲ್ಲಿ ಒಂದೇ ರಿಟರ್ನ್ (ರೂಮಿನ ಗಾಳಿ ಎಸಿಗೆ ವಾಪಸ್ ಹೋಗುವ ದಾರಿ, ಅದರ ಬಾಯಿಗೆ ಹಾಕುವ ಜಾಲರಿಯೇ ಗ್ರಿಲ್) ಇಟ್ಟರೆ ನಡೆಯುತ್ತಾ ಅಂತ ಹಿಂದೆ ಇಲ್ಲಿ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಹೀಟ್ ಲೋಡ್ (ಮನೆಯಿಂದ ಎಷ್ಟು ಶಾಖ ಹೊರಹಾಕಬೇಕು ಅನ್ನೋದು) ಲೆಕ್ಕ ಹಾಕಿಸಿದೆ, 3 ಟನ್ನೇ ಬಂತು. ಸುಮ್ನೆ ದೊಡ್ಡದು ಹಾಕಿದರೆ ಬೇಗ ತಣ್ಣಗಾಗಿ ಬೇಗ ಆಫ್ ಆಗುತ್ತದೆ, ಗಾಳಿಯಲ್ಲಿರುವ ತೇವ ಹಾಗೇ ಉಳಿಯುತ್ತದೆ.

ತಲೆ ತಿಂದಿದ್ದು ರಿಟರ್ನ್. ಟನ್ನಿಗೆ ಸುಮಾರು 400 ಸಿಎಫ್‌ಎಂ (ನಿಮಿಷಕ್ಕೆ ಹರಿಯುವ ಗಾಳಿ, ಘನ ಅಡಿಗಳಲ್ಲಿ) ಅಂದರೆ ಒಟ್ಟು 1200. ಫಿಲ್ಟರ್ ಇರುವ ಗ್ರಿಲ್‌ಗೆ ಚದರ ಇಂಚಿಗೆ 2 ಸಿಎಫ್‌ಎಂ ಹಿಡಿದರೆ 600 ಚದರ ಇಂಚು ಬೇಕು. ಕಂಟ್ರಾಕ್ಟರ್ ತಂದಿದ್ದು 20×20 ಇಂಚಿನದು, ಬರೀ 400 ಚದರ ಇಂಚು! 'ಎಲ್ಲರಿಗೂ ಇದೇ ಹಾಕೋದು' ಅಂದರು. ಜಗ್ಗಾಡಿ 20×30 ಹಾಕಿಸಿದೆ. ಈಗ ಗ್ರಿಲ್ ಕೆಳಗೇ ಕೂತು ಫೋನಲ್ಲಿ ಮಾತಾಡಬಹುದು, ಅಷ್ಟು ಸದ್ದು ಕಮ್ಮಿ.

ರೂಮಿನ ಬಾಗಿಲು ಮುಚ್ಚಿದಾಗ ಗಾಳಿ ವಾಪಸ್ ಬರೋಕೆ ದಾರಿ ಬೇಕಲ್ವಾ? ಬಾಗಿಲ ಕೆಳಗಿನ ಸಂದಿ ಸಾಕಾಗಲ್ಲ. ಹಾಗಾಗಿ ಮೂರೂ ರೂಮಿನಿಂದ ಹಾಲ್‌ಗೆ ಸೀಲಿಂಗ್ ಮೇಲೆ ಜಂಪ್ ಡಕ್ಟ್ (ರೂಮಿನ ಗಾಳಿ ಹಾಲ್‌ಗೆ ದಾಟುವ ಕೊಳವೆ) ಕೊಡಿಸಿದೆ. ಮುಚ್ಚಿದ ಬಾಗಿಲ ಸಂದಿಗೆ ಟಿಶ್ಯೂ ಹಿಡಿದು ನೋಡಿದೆ, ಅಲ್ಲಾಡಿದ್ದೇ ಕಮ್ಮಿ, ಅಂದರೆ ಗಾಳಿ ಜಂಪ್ ಡಕ್ಟ್‌ನಲ್ಲೇ ಹೋಗ್ತಿದೆ.

ಜಂಪ್ ಡಕ್ಟ್‌ನಲ್ಲಿ ಪಕ್ಕದ ಮಾತು ಸ್ವಲ್ಪ ಕೇಳುತ್ತದೆ. ಒಳಗೆ ಸದ್ದು ಹೀರುವ ಲೈನಿಂಗ್ ಹಾಕಿಸಬೇಕು.