ಆನ್‌ಲೈನ್ ಮಾಡ್ಯುಲರ್ ಕಿಚನ್ ತರಿಸಬೇಕೇನ್ರಿ?

ಪ್ರಶ್ನೆ: ಬಾಗಲಕೋಟಿ ನವನಗರ. ಅಡಗಿಮನಿ 10×8 ಅಡಿ, ಎಲ್ ಆಕಾರ. ಗ್ರಾನೈಟ್ ಕಟ್ಟಿ, ಕೆಳಗ ಕಡಪಾ ಕಲ್ಲಿನ ಖಾನೆ ಆಗ್ಲೇ ಅದಾವು. ಆನ್‌ಲೈನ್‌ನಾಗ ಚದರಡಿ ರೇಟು ಕಮ್ಮಿ ಕಾಣ್ತೈತಿ. ಪೂರ್ತಿ ಸೆಟ್ ತರಿಸ್ಲೋ ಬ್ಯಾಡೋ?

ಉತ್ತರ 1: ಪೂರ್ತಿ ಸೆಟ್ ಯಾಕ್ರಿ? ಕಲ್ಲಿನ ಖಾನೆಯೊಳಗ ಮತ್ತ ಪ್ಲೈವುಡ್ ಡಬ್ಬಿ ಕೂಡ್ಸಿದ್ರ ಎರಡೂ ಬದಿ 18 ಮಿಮೀ ಜಾಗ ಸುಮ್ನ ಹೋಗ್ತೈತಿ. ಚೌಕಟ್ಟು, ಬಾಗಿಲಾ, ಹೊರಗ ಎಳೆಯೋ ಸ್ಟೀಲ್ ಬಾಸ್ಕೆಟ್ ಇಷ್ಟ ಸಾಕು. ಒಂದೊಂದ್ ಖಾನೆ ಅಗಲ ಮ್ಯಾಲ, ನಡುವ, ಕೆಳಗ ಅಳೀರಿ, ಕಮ್ಮಿ ಬಂದದ್ದನ್ನ ಹಿಡೀರಿ. ಗೌಂಡಿ ನಿಲ್ಸಿದ ಕಲ್ಲು ನೆಟ್ಟಗಿರೋದು ಅಪರೂಪ. ಚೌಕಟ್ಟಿನ ಒಳ ಅಗಲದಾಗ ಎರಡೂ ಚಾನೆಲ್ (ಬಾಸ್ಕೆಟ್ ಜಾರೋ ಹಳಿ) ಸೇರಿ ಸುಮಾರು 26 ಮಿಮೀ ಕಳದ್ರ ಬಾಸ್ಕೆಟ್ ಅಳತಿ ಸಿಗ್ತೈತಿ. ಇದನ್ನ ಮರೆತ್ರ ಬಾಸ್ಕೆಟ್ ವಾಪಸ್ಸೇ.

ಉತ್ತರ 2: ಸಿಂಕ್ ಕೆಳಗ ಎಂಡಿಎಫ್ (ಕಟಿಗಿ ನಾರು ಒತ್ತಿ ಮಾಡಿದ ಹಲಗಿ) ಬಾಗಿಲಾ ಬ್ಯಾಡ. ಅಂಚಿನ ಪಟ್ಟಿ ಬಿಟ್ಟಲ್ಲಿ ನೀರು ಹೀರಿ ಬಾತು, ಹಿಂಜಿನ ಸ್ಕ್ರೂ ಕಿತ್ತು ಬರ್ತಾವು. ಐಎಸ್ 710 (ನೀರು ತಡಿಯೋ ಮರೈನ್ ಪ್ಲೈವುಡ್‌ನ ಭಾರತೀಯ ಮಾನಕ) ಮುದ್ರೆ ಇರೋ 18 ಮಿಮೀ ಪ್ಲೈ ಕೇಳ್ರಿ. ಬರೇ ‘ವಾಟರ್‌ಪ್ರೂಫ್’ ಅಂದ್ರ ನಂಬಬ್ಯಾಡ್ರಿ. ಬಾಸ್ಕೆಟ್ 304 ದರ್ಜೆ (ಸುಲಭಕ್ಕ ತುಕ್ಕು ಹಿಡಿಯದ) ಸ್ಟೀಲಿಂದು ಇರ್ಲಿ.

ಪ್ರಶ್ನೆ ಕೇಳಿದವರು: ಮೂಲ್ಯಾಗ ಏನ್ ಮಾಡ್ಲಿ?

ಉತ್ತರ 3: ಎರಡೂ ಕಡೆ 50 ಮಿಮೀ ಫಿಲ್ಲರ್ ಪಟ್ಟಿ (ಸಂದು ಮುಚ್ಚೋ ಹಲಗಿ ಪಟ್ಟಿ) ಹಾಕಿಸ್ರಿ. ಇಲ್ಲಂದ್ರ ಒಂದು ಡ್ರಾವರ್ ಎಳೆದ್ರ ಇನ್ನೊಂದರ ಹಿಡಿಕಿಗೆ ಬಡೀತೈತಿ. ಆಮ್ಯಾಲ ಆ ಕಮ್ಮಿ ರೇಟಿನಾಗ ಹಿಂಜು, ಚಾನೆಲ್, ಜಿಎಸ್‌ಟಿ, ಸಾಗಾಣಿಕೆ ಸೇರ್ಯಾವೋ ಇಲ್ಲೋ ಬರವಣಿಗ್ಯಾಗ ಇಸ್ಕೋರಿ. ಫಿಟಿಂಗ್ ಮಂದಿ ಹುಬ್ಬಳ್ಳಿಂದ ಬಂದ್ರ ಖರ್ಚು ಯಾರ್ದು, ಅದನ್ನೂ ಕೇಳ್ರಿ.