ಜುಲಿನ್ಯೊ ಎಂಬ ಪುಣ್ಯಾತ್ಮನ ಕೆವೈಸಿ

"ಗುರುತಿನ ಚೀಟಿ ನೋಡದೆ ಹಾಡು ಪಾಸ್ ಮಾಡಿದ್ರಾ?" ನಮ್ಮ ಬ್ಯಾಂಕ್ ಗೆಳೆಯನಿಗೆ ನಂಬಿಕೆಯೇ ಬರಲಿಲ್ಲ.

ಮಾತು ನಡೆದಿದ್ದು ಬ್ರೆಜಿಲ್‌ನ ಹಾಡುಗಾರ ಶಿಕೊ ಬುವಾರ್ಕಿ ಬಗ್ಗೆ. 1966ರಲ್ಲಿ ಟಿವಿಯ ಹಾಡಿನ ಸ್ಪರ್ಧೆ ಗೆದ್ದಾಗ ಅವನಿಗೆ ಬರೀ 22 ವರ್ಷ. ಹಾಡು ಹೊರಬರೋ ಮೊದಲು ಸರ್ಕಾರದ ಸೆನ್ಸಾರ್ ಪಾಸ್ ಮಾಡಬೇಕಿದ್ದ ಕಾಲ ಅದು. 1970ರಲ್ಲಿ 'ಅಪೆಜಾರ್ ಡಿ ವೊಸೆ' ಹಾಡು ಬಂತು. ನೀನು ಏನೇ ಮಾಡು, ನಾಳೆ ಅನ್ನೋದು ಬಂದೇ ಬರುತ್ತೆ ಅನ್ನುವ ಧಾಟಿ. ಯಾರೋ ಹುಡುಗಿ ಮೇಲಿನ ಕೋಪ ಅಂದುಕೊಂಡು ಸೆನ್ಸಾರ್‌ನವರು ಬಿಟ್ಟರು. ರೆಕಾರ್ಡು ಭರ್ಜರಿಯಾಗಿ ಮಾರಾಟ ಆಗುವಾಗ ತಲೆಗೆ ಹೊಳೆಯಿತು, ಬೈಸಿಕೊಂಡಿದ್ದು ಮಿಲಿಟರಿ ಸರ್ಕಾರ ಅಂತ. ಸೈನಿಕರು ಫ್ಯಾಕ್ಟರಿಗೇ ನುಗ್ಗಿ ರೆಕಾರ್ಡು ಪುಡಿ ಮಾಡಿದರು. ಆಮೇಲೆ ಅವನ ಹೆಸರು ಕಂಡರೆ ಸಾಕು, ಕೆಂಪು ಪೆನ್ನು.

"ಕೆಲವು ಹೆಸರು ಹಾಗೇ ಕಣಯ್ಯಾ, ಉತ್ತರ ಪತ್ರಿಕೆ ಓದೋದೇ ಬೇಡ," ಅಂದರು ಮೇಷ್ಟ್ರು, ಏನೋ ನೆನಪಾದವರಂತೆ.

ಶಿಕೊ ಹೆಸರನ್ನೇ ಬದಲಾಯಿಸಿದ. ಜುಲಿನ್ಯೊ ಡ ಅಡೆಲಾಯ್ಡಿ! 'ನಿನಗೆ ನಾನು ಇಷ್ಟವಿಲ್ಲ, ನಿನ್ನ ಮಗಳಿಗೆ ಇಷ್ಟ' ಅನ್ನುವ ಹಾಡೂ ಈ ಹೆಸರಲ್ಲಿ ಪಾಸಾಯ್ತು. ಇನ್ನೊಂದರಲ್ಲಿ ಮನೆ ಬಾಗಿಲಿಗೆ ಪೊಲೀಸರು ಬಂದಿದ್ದಾರೆ, ಕಳ್ಳನನ್ನು ಕರೀರಪ್ಪಾ ಅಂತ ಕೂಗಾಟ. 1974ರಲ್ಲಿ ಬೇರೆಯವರ ಹಾಡುಗಳದ್ದೇ ಅಂತ ಒಂದು ಆಲ್ಬಂ ಮಾಡಿ, ಅದರೊಳಗೆ ಈ 'ಬೇರೆಯವನ' ಹಾಡನ್ನೂ ಸೇರಿಸಿದ! ಅಷ್ಟಕ್ಕೇ ಸುಮ್ನಿರಬಹುದಿತ್ತು, ಅಲ್ವಾ? ಇಲ್ಲ, ಜುಲಿನ್ಯೊ ಆಗಿ ಪತ್ರಿಕೆಗೆ ಸಂದರ್ಶನವನ್ನೂ ಕೊಟ್ಟ. ಫೋಟೋ ಮಾತ್ರ ಬೇಡವಂತೆ, ಮುಖದ ಮೇಲೆ ಗಾಯದ ಗುರುತಿದೆಯಂತೆ.

"ಫೋಟೋ ಇಲ್ಲ, ವಿಳಾಸ ಇಲ್ಲ... ನಾನಾಗಿದ್ರೆ ಪಾಸ್‌ಬುಕ್ಕೂ ಕೊಡ್ತಿರಲಿಲ್ಲ."

1975ರಲ್ಲಿ ಗುಟ್ಟು ಪತ್ರಿಕೆಯಲ್ಲಿ ಬಯಲಾಯ್ತು. ಅಲ್ಲಿಂದ ಹಾಡಿನ ಜೊತೆ ಬರೆದವನ ಗುರುತಿನ ಚೀಟಿ, ತೆರಿಗೆ ನಂಬರ್ ಎರಡರದ್ದೂ ಜೆರಾಕ್ಸ್ ಇಡಲೇಬೇಕು ಅಂತ ಆಯ್ತು.

ನಮ್ಮವನು ಮೇಜು ಕುಟ್ಟಿದ. "ನೋಡಿ! ನಾನು ಹೇಳಿದ್ದು ಅದೇ!" ಇಡೀ ಕತೆಯಲ್ಲಿ ಅವನಿಗೆ ಸೆನ್ಸಾರ್‌ನವರ ಮೇಲೇ ಪ್ರೀತಿ ಬಂದಿದ್ದು.

ಕಾದಂಬರಿಗಳನ್ನೂ ಬರೆದ ಶಿಕೊಗೆ 2019ರಲ್ಲಿ ಪೋರ್ಚುಗೀಸ್ ಭಾಷೆಯ ದೊಡ್ಡ ಗೌರವ, ಕಮೋಯಿಸ್ ಪ್ರಶಸ್ತಿ, ಘೋಷಣೆಯಾಯ್ತು. ಬ್ರೆಜಿಲ್‌ನ ಆಗಿನ ಅಧ್ಯಕ್ಷ ಬೊಲ್ಸೊನಾರೊ ಪ್ರಶಸ್ತಿ ಪತ್ರಕ್ಕೆ ಸಹಿ ಹಾಕಲಿಲ್ಲ. ಸಹಿ ಹಾಕದಿದ್ದದ್ದೇ ನನಗೆ ಎರಡನೇ ಪ್ರಶಸ್ತಿ ಅಂದ ಇವನು. ಕೈಗೆ ಸಿಕ್ಕಿದ್ದು 2023ರಲ್ಲಿ, ಲೂಲಾ ಅಧ್ಯಕ್ಷನಾಗಿ ಬಂದ ಮೇಲೆ.

"ಒಂದು ಸಹಿಗೆ ನಾಲ್ಕು ವರ್ಷನಾ? ನಮ್ಮ ಬ್ರಾಂಚಲ್ಲಿ ಹಾಗೆಲ್ಲ ಇಲ್ಲಪ್ಪ."

"ಹೌದಾ? ನನ್ನ ಲೋನ್ ಫೈಲ್ ಎಲ್ಲಿದೆ?" ಅಂದರು ಮೇಷ್ಟ್ರು.